ಮೀಟಾಜ್ಜಿಯ ಉಚ್ಚಾರಣೆ ಕುರಿತ ನಡಾವಳಿ

ಅಳಿವಿನಂಚಿನ ನುಡಿಯನ್ನು ಅರ್ಹತಾಪತ್ರವಿಲ್ಲದೆ ಬೋಧಿಸುವುದು ಸಂರಕ್ಷಣಾ ಮಂಡಳಿಯ ನಿಯಮ ಹನ್ನೊಂದರ ಪ್ರಕಾರ ಅಪರಾಧ. ಎಂಬತ್ತಮೂರು ವರ್ಷದ ಮೀಟಾಜ್ಜಿ ಅಪಿಂಗ್ಟನ್ ಊರಿನ ತನ್ನ ಅಂಗಳದಲ್ಲಿ ಆರು ವರ್ಷಗಳಿಂದ ಈ ಅಪರಾಧ ಎಸಗುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಕೇರಿಯ ಮಕ್ಕಳನ್ನು ಕೂರಿಸಿಕೊಂಡು, ನಾಲಿಗೆಯನ್ನು ಚಟ್ಟೆನ್ನಿಸಿ ಆಡುವ ನಮ್ಮ ಸಾನ್ ಬುಡಕಟ್ಟಿನ ಹಳೆಯ ನುಡಿ ಕಲಿಸುತ್ತಿದ್ದಳು. ಅದನ್ನು ಪೂರ್ತಿಯಾಗಿ ಬಲ್ಲವರು ಭೂಮಿಯ ಮೇಲೆ ಉಳಿದದ್ದು ಇಬ್ಬರೇ: ಅವಳು, ಮತ್ತು ಹಿಂದಿನ ಬೀದಿಯಲ್ಲಿದ್ದ ಅವಳ ಅಕ್ಕ ಡ್ರೀಕಾ.

ನೋಟಿಸನ್ನು ಒಯ್ದವನು ನಾನೇ, ಮಂಡಳಿಯ ಗುಮಾಸ್ತ ಈಸಾಕ್. ನಾನೂ ಅದೇ ಕೇರಿಯವನು. ನನ್ನ ಅಜ್ಜಿಗೆ ಈ ನುಡಿ ಬರುತ್ತಿತ್ತು, ನನಗೆ ಬರುವುದಿಲ್ಲ. ಬರುವವರು ಪಕ್ಷಪಾತಿಗಳಾಗುವ ಸಂಭವ ಇರುವುದರಿಂದ ಕೆಲಸ ನನಗೆ ಸಿಕ್ಕಿತು.

"ಪರೀಕ್ಷೆ ಪಾಸಾಗೋ ತನಕ ಪಾಠ ನಿಲ್ಲಿಸ್ಬೇಕಂತೆ ಅಜ್ಜಿ," ಎಂದೆ.

"ಯಾವ ಪರೀಕ್ಷೆನೋ?"

"ನಿನ್ನ ಭಾಷೇದೇ."

"ಮಾಡೋರ್ಯಾರು? ನಮ್ಮಕ್ಕಾನಾ?"

"ನಿರ್ದೇಶಕರು, ಫಿಲಾಂಡರ್ ಸಾಹೇಬ್ರು. ಅವರಿಗೆ ಡಿಪ್ಲೊಮಾ ಇದೆ."

"ಹಾಗಾದ್ರೆ ಭಾಷೆ ಬರಲ್ಲ ಬಿಡು," ಎಂದು ಅಜ್ಜಿ ಚಹಾಕ್ಕೆ ನೀರಿಟ್ಟಳು.

ನಿಗದಿತ ದಿನ ಅಜ್ಜಿ ಕಚೇರಿಗೆ ಬಂದಳು. ಫಿಲಾಂಡರ್ ಸಾಹೇಬರು ಎದೆಯ ಮೇಲೆ ಕೈಯಿಟ್ಟು, ಗಂಭೀರವಾಗಿ ಆ ನುಡಿಯಲ್ಲಿ ಒಂದು ವಾಕ್ಯ ಹೇಳಿದರು. ಅಜ್ಜಿ ಸೆರಗಿನಂತೆ ಶಾಲನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

"ಯಾಕಜ್ಜಿ?" ಎಂದೆ.

"'ನನ್ನ ಹಲ್ಲು ನೋಯ್ತಿದೆ, ನೀನು ಯಾವಾಗ ಮನೆಗೆ ಹೋಗ್ತೀಯ' ಅಂತಿದ್ದಾನಲ್ಲೋ!"

"ಅದು ಅತಿಥಿಗಳನ್ನು ಬರಮಾಡಿಕೊಳ್ಳುವ ಸಾಂಪ್ರದಾಯಿಕ ನುಡಿ. ಕೈಪಿಡಿಯ ಮೊದಲ ಪುಟದಲ್ಲೇ ಇದೆ," ಎಂದರು ಸಾಹೇಬರು.

ಆಗ ವಿಷಯ ಹೊರಬಿತ್ತು. ಇಪ್ಪತ್ತು ವರ್ಷದ ಹಿಂದೆ ಪಂಡಿತನೊಬ್ಬ ಯಂತ್ರ ಹಿಡಿದು ಅಜ್ಜಿಯ ಬಾಗಿಲಿಗೆ ಬಂದಿದ್ದ. ಆ ವಾರ ಅವಳ ಬಲಗೆನ್ನೆ ಊದಿಕೊಂಡಿತ್ತು. ಅವನನ್ನು ಕಂಡೊಡನೆ ಅವಳು ಆಡಿದ ಮೊದಲ ಮಾತೇ ಅದು. ಇಡೀ ಕೈಪಿಡಿ ಆ ಒಂದು ವಾರದ ಧ್ವನಿಮುದ್ರಣದಿಂದ ಸಿದ್ಧವಾಗಿತ್ತು.

"ಆ ಯಂತ್ರದಲ್ಲಿ ಮಾತಾಡಿರೋ ಹೆಂಗಸು ನಾನೇ ಕಣಪ್ಪಾ."

"ದಾಖಲೆಯಲ್ಲಿ 'ಮಾಹಿತಿದಾರಳು ನಾಲ್ಕು' ಎಂದಷ್ಟೇ ಇದೆ. ಪುರಾವೆ?"

"ನನ್ನ ದನಿ ಕೇಳಿ ನೋಡು."

ಕೇಳಿ ನೋಡಲಾಯಿತು. ಹಲ್ಲುನೋವು ಇಲ್ಲದ ಕಾರಣ ದನಿ ತಾಳೆಯಾಗಲಿಲ್ಲ. ಅಜ್ಜಿಗೆ ನೂರಕ್ಕೆ ಮೂವತ್ತೊಂದು ಅಂಕ ಬಂತು. 'ಅಭ್ಯರ್ಥಿಯ ಉಚ್ಚಾರಣೆಯಲ್ಲಿ ಸ್ಥಳೀಯ ಪ್ರಭಾವ ಕಾಣುತ್ತದೆ' ಎಂದು ಷರಾ ಬರೆಯಲಾಯಿತು.

"ಚಿಕ್ಕವಳಿದ್ದಾಗ ಈ ಮಾತಾಡಿದ್ರೆ ತೋಟದ ಧಣಿ ಚಾವಟಿ ತಗೋತಿದ್ದ," ಎಂದಳು ಅಜ್ಜಿ, ಎದ್ದು ನಿಂತು. "ನೀವು ಅಂಕ ಕಳೀತೀರಿ."

ಸಾಹೇಬರು ಈ ಹೇಳಿಕೆಯನ್ನು 'ಜಾನಪದ' ಎಂಬ ಕಡತಕ್ಕೆ ಸೇರಿಸಲು ನನಗೆ ಸೂಚಿಸಿದರು.

ಸಂಜೆ ಅಜ್ಜಿ ಅಕ್ಕನ ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ನಾನೂ ಇದ್ದುದರಿಂದ ಇಬ್ಬರೂ ನನಗೆ ತಿಳಿಯುವ ಮಾತಿನಲ್ಲೇ ಆಡಿದರು.

"ಮಕ್ಕಳು ಕಲೀದಿದ್ರೆ, ನೀನು ಹೋದ್ಮೇಲೆ ನಾನು ಯಾರ ಹತ್ರ ಮಾತಾಡ್ಲೇ ಅಕ್ಕಾ?"

"ಮೊದ್ಲು ನಾನೇ ಹೋಗ್ತೀನಿ ಅಂತ ಗೊತ್ತು ಮಾಡ್ಕೊಂಡೇ ಬಂದ್ಯಾ?" ಎಂದಳು ಡ್ರೀಕಾಜ್ಜಿ. ಆಮೇಲೆ ಡಬ್ಬಿಯಿಂದ ಒಣ ರಸ್ಕಿನ ತುಂಡೊಂದನ್ನು ತೆಗೆದು ಕೊಟ್ಟಳು. "ತಗೋ, ಬಲಗೆನ್ನೇಲಿ ಇಟ್ಕೊಂಡು ಹೋಗು."

ಮರುಪರೀಕ್ಷೆಯಲ್ಲಿ ಮೀಟಾಜ್ಜಿಗೆ ತೊಂಬತ್ತನಾಲ್ಕು ಅಂಕ ಬಂತು. ಬಾಯಿಂದ ಚೂರು ಉದುರಿದ್ದಕ್ಕೆ ಆರು ಕಳೆಯಲಾಗಿತ್ತು. ಆಕೆಯ ಪ್ರಗತಿಯನ್ನು ಮೆಚ್ಚಿ ಪತ್ರಿಕಾ ಪ್ರಕಟಣೆಯನ್ನೂ ಹೊರಡಿಸಲಾಯಿತು.

ಪಾಠ ಮತ್ತೆ ಶುರುವಾಯಿತು. ಶುದ್ಧ ಉಚ್ಚಾರಣೆಗೆ ಬಲಗೆನ್ನೆ ಉಬ್ಬಿರಬೇಕೆಂದು ಕಂಡುಕೊಂಡ ಮಂಡಳಿ, ಬಾಯಲ್ಲಿಟ್ಟುಕೊಳ್ಳಲು ತಲೆಗೊಂದರಂತೆ ಹತ್ತಿಯುಂಡೆಗಳನ್ನು ಒದಗಿಸಿತು. ಮೊದಲು ಕಲಿತ ನಾಲ್ಕು ಮಾತನ್ನು ಸಲೀಸಾಗಿ ಆಡುತ್ತಿದ್ದ ಮಕ್ಕಳು ಎರಡೇ ತಿಂಗಳಲ್ಲಿ ಕೆನ್ನೆ ಊದಿಸಿಕೊಂಡು ಮಾತಾಡುವುದನ್ನು ಕಲಿತರು. ತಂದೆತಾಯಿಗಳು ಸಂತೋಷಪಟ್ಟರು. ಡ್ರೀಕಾಜ್ಜಿ ಮಾತ್ರ ತನ್ನ ಪಾಲಿನ ಉಂಡೆಯನ್ನು ನನಗೇ ಹಿಂದಿರುಗಿಸಿದಳು.

"ಸತ್ತ ಮೇಲೆ ಹೇಗೂ ಮೂಗಿಗೆ ಹತ್ತಿ ತುರುಕ್ತೀರಿ. ಈಗ್ಲೇ ಯಾಕೋ ಅವಸರ?"

ನಮ್ಮ ಕಡೆ ಚಳಿಗಾಲವಾದ ಜುಲೈಯಲ್ಲಿ ಅವಳು ತೀರಿಕೊಂಡಳು.

ಮಣ್ಣು ಮಾಡುವ ದಿನ ಫಿಲಾಂಡರ್ ಸಾಹೇಬರು ಕಪ್ಪು ಕೋಟು ತೊಟ್ಟು, ರಿಜಿಸ್ಟರು ಹಿಡಿದು ಬಂದರು. ಮೀಟಾಜ್ಜಿ ಗುಂಡಿಯ ಅಂಚಿಗೆ ಹೋಗಿ ಬಾಯಿಂದ ಹತ್ತಿ ತೆಗೆದಳು. ಬಗ್ಗಿ, ಒಳಗಿದ್ದವಳ ಜೊತೆ ಬಹಳ ಹೊತ್ತು ಮಾತಾಡಿದಳು. ನಡುವೆ ಒಮ್ಮೆ ಬೈದಂತೆ ಕೇಳಿಸಿತು, ಒಮ್ಮೆ ನಕ್ಕಳು. ಉತ್ತರ ಬರಲಿ ಎಂಬಂತೆ ಆಗಾಗ ಸುಮ್ಮನಾಗುತ್ತಿದ್ದಳು. ಅಲ್ಲಿದ್ದ ಯಾರಿಗೂ, ಪಾಠದ ಮಕ್ಕಳಿಗೂ, ಏನೂ ತಿಳಿಯಲಿಲ್ಲ.

ವಾಪಸು ಬರುವಾಗ, "ಏನಂದೆ ಅಜ್ಜಿ?" ಎಂದು ಕೇಳಿದೆ.

"ಅವಳಿಗೆ ಹೇಳಿದ್ದು. ನಿನಗಲ್ಲ."

ಸೋಮವಾರ ಮಂಡಳಿಯ ಪತ್ರ ಹೊರಟಿತು. ಅಂಗಳದಲ್ಲಿ ನೆರೆಯವರೆಲ್ಲ ಸೇರಿದ್ದಾಗ ನಾನೇ ಓದಿ ಹೇಳಿದೆ: 'ಅಂತ್ಯಕ್ರಿಯೆಯ ವೇಳೆ ತಮ್ಮ ಮಾತಿನಲ್ಲಿ ಮೂರು ಉಚ್ಚಾರಣಾ ದೋಷಗಳು ಕಂಡುಬಂದಿರುತ್ತವೆ. ದುಃಖದ ಸಂದರ್ಭವೆಂದು ಪರಿಗಣಿಸಿ, ಈ ಒಂದು ಬಾರಿಗೆ ಮನ್ನಿಸಲಾಗಿದೆ.'

ಫಿಲಾಂಡರ್ ಸಾಹೇಬರದು ದೊಡ್ಡ ಮನಸ್ಸೆಂದು ಎಲ್ಲರೂ ಒಪ್ಪಿದರು. ಅಜ್ಜಿ ನಾನು ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತಿದಳು.

"ಕೊನೇ ತನಕ ನಿಂತು ಕೇಳಿದ್ನೇನೋ ಅವನು?"

"ಹೂಂ ಅಜ್ಜಿ, ಪೂರ್ತಿ."

ಅಜ್ಜಿ ಹೆಬ್ಬೆರಳಿನ ಮಸಿಯನ್ನು ಲಂಗಕ್ಕೆ ಒರೆಸಿಕೊಂಡಳು.

"ಹೋಗ್ಲಿ ಬಿಡು. ಇನ್ಮೇಲೆ ಕೇಳೋಕೆ ಅವನೊಬ್ಬನಾದ್ರೂ ಇದ್ದಾನಲ್ಲ."