ಮೇಷ್ಟ್ರು ಕುದಿಸಿದ ಬಿಯರು

ಶನಿವಾರ ಬೆಳಗ್ಗೆ ಆರು ಗಂಟೆಗೆ ಮಖಾಯಾ ಮೇಷ್ಟ್ರ ಬಿಯರು ಸತ್ತಿರುವುದು ಖಚಿತವಾಯಿತು.

ಅವರ ಊರು ಕೆಂಟಾನಿಯಲ್ಲಿ ಇದಕ್ಕೆ ಪರೀಕ್ಷೆ ಒಂದೇ. ಡ್ರಮ್ಮಿನ ಬಾಯಿಗೆ ಉರಿಯುವ ಬೆಂಕಿಕಡ್ಡಿ ಹಿಡಿಯಬೇಕು. ಬಿಯರಿಗೆ ಜೀವವಿದ್ದರೆ ಅದರ ಉಸಿರಿಗೆ ಕಡ್ಡಿ ಆರುತ್ತದೆ. ಮೇಷ್ಟ್ರ ಕಡ್ಡಿ ನಂದಾದೀಪದಂತೆ ಉರಿದು ಅವರ ಬೆರಳು ಸುಟ್ಟಿತು.

“ಏನ್ ಮಾಡಿದ್ರಿ ಮೇಷ್ಟ್ರೇ?” ಪಕ್ಕದ ಮನೆಯ ಮಾದ್ಲೋಮೊ ಬೇಲಿಯ ಮೇಲೆ ಗದ್ದ ಊರಿದಳು.

“ಎಲ್ಲಾ ಕ್ರಮವಾಗೇ ಮಾಡಿದೆ. ಮುಸುಕಿನ ಜೋಳದ ಹಿಟ್ಟು ಹುಳಿ ಬರಿಸಿದೆ, ಗಂಜಿ ಕಾಯಿಸಿದೆ, ಮೊಳಕೆ ಜೋಳದ ಹಿಟ್ಟು ಹಾಕಿ ಇನ್ನೊಂದು ಗಂಟೆ ಕುದಿಸಿದೆ.”

“ಮೊಳಕೆ ಹಿಟ್ಟನ್ನ ಕುದಿಸಿದ್ರಾ? ಯಾಕೆ?”

“ಕ್ರಿಮಿ ಸಾಯಲಿ ಅಂತ.”

“ಬಿಯರು ಮಾಡೋದೇ ಆ ಕ್ರಿಮಿಗಳು! ಗಂಜಿ ಆರಿದ ಮೇಲೆ ಹಾಕ್ಬೇಕು. ಕೂಲಿಯವರನ್ನೆಲ್ಲ ಕೊಂದು, ಕೆಲಸ ಯಾಕಾಗ್ಲಿಲ್ಲ ಅಂದ್ರೆ?”

ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವ ಮೇಷ್ಟ್ರು ಸುಟ್ಟ ಬೆರಳನ್ನು ಬಾಯಿಗಿಟ್ಟುಕೊಂಡರು.

ತಪ್ಪು ಅವರ ನಾಲಿಗೆಯದು. ಹೋದ ತಿಂಗಳು ಹಿರಿಯರ ಕೂಟದಲ್ಲಿ, “ಗಂಜಿ ಹುಳಿ ಬರಿಸೋಕೆ ಹೆಂಗಸರು ಇಷ್ಟು ರಂಪ ಮಾಡ್ತಾರಲ್ಲ” ಎಂದುಬಿಟ್ಟಿದ್ದರು. ದೊಡ್ಡಪ್ಪ ಸಿಲುಮ್ಕೊ ಮೀಸೆ ಒರೆಸಿಕೊಂಡು, “ಮುಂದಿನ ಸಲ ನೀನೇ ಮಾಡಪ್ಪ. ಕೆಟ್ರೆ ದನದ ದೊಡ್ಡಿಯಲ್ಲಿ ನಿಂತು, ‘ಹೆಂಗಸರ ಕೆಲಸ ನನ್ನ ಕೈಲಾಗಲ್ಲ’ ಅಂತ ಮೂರು ಸಲ ಕೂಗ್ಬೇಕು” ಎಂದಿದ್ದ. ಹೆಂಡತಿ ಮಾಭೇಲೆ, “ನೀವುಂಟು, ನಿಮ್ಮ ಡ್ರಮ್ಮುಂಟು” ಎಂದು ಬುಧವಾರವೇ ತವರಿಗೆ ಹೊರಟಿದ್ದಳು. ಈಗ ಹಿರಿಯರು ಮನೆಯ ಕಾರ್ಯಕ್ಕೆಂದು ಹನ್ನೊಂದಕ್ಕೆ ಬರುವವರಿದ್ದರು. ಪೂರ್ವಜರಿಗೆ ಎರೆಯಲು ಮನೆಯ ಬಿಯರೇ ಆಗಬೇಕು; ಅಂಗಡಿಯದು ನಡೆಯದು.

ಏಳಕ್ಕೆ ಎದುರುಮನೆಯ ವಂಡಿಲೆ ಬಂದ. ಇಪ್ಪತ್ತು ವರ್ಷ ಚಿನ್ನದ ಗಣಿಯಲ್ಲಿ ಸಿಡಿಮದ್ದು ತುಂಬಿದ ಕೈ ಅವನದು. “ಬ್ರೆಡ್ಡಿನ ಈಸ್ಟು ಎಂಟು ಪೊಟ್ಟಣ, ಸಕ್ಕರೆ ಎರಡು ಕಿಲೋ ಸುರೀರಿ. ಮುಚ್ಚಳ ಬಿಗೀರಿ. ಕಂಬಳಿ ಹೊದಿಸಿ ಬಿಸಿಲಿಗಿಡಿ. ಮಿಕ್ಕಿದ್ದು ನಂಗೆ ಬಿಡಿ.”

ಒಂಬತ್ತೂವರೆಗೆ ಮುಚ್ಚಳ ಚಾವಣಿ ದಾಟಿ ಹೋಯಿತು. ನೊರೆ ಗೋಡೆಗೆ, ಒಣಹಾಕಿದ್ದ ಬಟ್ಟೆಗೆ, ಮೇಷ್ಟ್ರ ಕನ್ನಡಕಕ್ಕೆ ಬಡಿಯಿತು.

“ಜೀವ ಬಂತು ನೋಡಿ!” ಎಂದು ವಂಡಿಲೆ ಕುಣಿದ.

ಅಷ್ಟರಲ್ಲಿ ಅವನದೇ ಹಂದಿ ಕರೆಯದ ನೆಂಟನಂತೆ ನುಗ್ಗಿ, ಡ್ರಮ್ಮು ಉರುಳಿಸಿ, ಉಳಿದದ್ದನ್ನು ನೆಕ್ಕಿ ಅಲ್ಲೇ ಮಲಗಿತು.

“ನಮ್ಮನೇಲಿ ಒಂದು ಡ್ರಮ್ಮು ಬಿಯರು ಸೋಸಿ ಇಟ್ಟಿದೀನಿ, ತಗೊಂಡ್ಹೋಗಿ” ಎಂದಳು ಮಾದ್ಲೋಮೊ. “ಯಾರಿಗೂ ಹೇಳಲ್ಲ. ನನ್ನ ಬಾಯಿ ಗೊತ್ತಲ್ಲ?”

ಗೊತ್ತಿದ್ದುದೇ ಕಷ್ಟವಾಗಿತ್ತು. ಆದರೂ ಮೇಷ್ಟ್ರು ಒಂಟಿಗಾಲಿಯ ಗಾಡಿಯಲ್ಲಿ ಡ್ರಮ್ಮನ್ನು ತಂದರು.

ಹನ್ನೊಂದಕ್ಕೆ ಗಂಡಸರು ಪದ್ಧತಿಯಂತೆ ದನದ ದೊಡ್ಡಿಯಲ್ಲಿ ಕುಳಿತರು. ಮಾಡಿದವರೇ ಮೊದಲು ಕುಡಿಯಬೇಕು. ಮೇಷ್ಟ್ರು ಗುಟುಕರಿಸಿ ತಾವೇ ಬೆರಗಾದರು. ದೊಡ್ಡಪ್ಪ ನೆಲಕ್ಕಿಷ್ಟು ಎರೆದು, ಕುಡಿದು, ಮತ್ತೆ ಕುಡಿದು, ಎದ್ದು ನಿಂತ.

“ಈ ರುಚಿ ನಮ್ಮಮ್ಮನ ಕಾಲಕ್ಕೇ ಮುಗೀತು ಅಂದ್ಕೊಂಡಿದ್ದೆ. ಇನ್ಮೇಲೆ ನಮ್ಮ ಕುಲದ ಎಲ್ಲಾ ಕಾರ್ಯಕ್ಕೂ ಬಿಯರು ಇವನದೇ!”

ಎಲ್ಲರೂ ಹೌದೆಂದರು. ಮೇಷ್ಟ್ರು ಅಡುಗೆಮನೆಗೆ ಓಡಿದರು. ಮಾಭೇಲೆ ಆಗಲೇ ಬಂದು ಮಾಂಸ ಹೆಚ್ಚುತ್ತಿದ್ದಳು.

“ಅದು ನಾನು ಮಾಡಿದ್ದಲ್ಲ ಕಣೇ, ಮಾದ್ಲೋಮೊದು!”

“ಅವಳದ್ದೂ ಅಲ್ಲ” ಎಂದಳು ಅವಳು, ತಲೆಯೆತ್ತದೆ. “ನಾನು ತವರಿಗೆ ಎಲ್ಲಿ ಹೋದೆ? ಮೂರು ದಿನ ಅವಳ ಹಿತ್ತಲಲ್ಲೇ ಇದ್ದೆ. ನಾನೇ ಮಾಡಿದ್ದು.”

“ಹಾಗಾದ್ರೆ ದೊಡ್ಡಪ್ಪಂಗೆ ಹೇಳು!”

“ಸೊಸೆಯಾದವಳು ದನದ ದೊಡ್ಡಿಗೆ ಕಾಲಿಡೋ ಹಾಗಿದ್ಯೇನ್ರೀ? ಎಲ್ರೂ ಅಲ್ಲೇ ಇದಾರೆ. ನೀವೇ ಹೋಗಿ ನಿಂತ್ಕೊಂಡು ಹೇಳಿ. ಮೂರು ಸಲ.”

ಮೇಷ್ಟ್ರು ಬಾಗಿಲವರೆಗೆ ಹೋಗಿ ವಾಪಸು ಬಂದರು.

ಸೋಮವಾರ ಬೆಳಗ್ಗೆ ದೊಡ್ಡಪ್ಪನ ಮನೆಯಿಂದ ಮೂರು ಮೂಟೆ ಮೊಳಕೆ ಜೋಳ ಬಂತು.