ದೊಡ್ಡಮ್ಮ ಆರಿಸಿದ ಬೂದು ರೋಬೋಟು

ನಮ್ಮ ದೊಡ್ಡಮ್ಮನಿಗೆ ಹಲಸೂರಿನ ಒಂದು ಸೈಬರ್ ಕೆಫೆಯಲ್ಲಿ ‘ಕಮಾಂಡರ್ ಆಂಟಿ’ ಎಂಬ ಬಿರುದಿತ್ತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಪಕ್ಕದ ಕುರ್ಚಿಯಲ್ಲಿ ಕೂತು ಕಣ್ಣಾರೆ ನೋಡಿರದಿದ್ದರೆ ನಾನೂ ನಂಬುತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಮೌಸನ್ನು ಹಿಟ್ಟು ನಾದುವಂತೆ ನಾದುತ್ತ, ಕಂಪ್ಯೂಟರಿನೊಳಗಿನ ಯುದ್ಧರೋಬೋಟಿಗೆ ‘ನಡಿಯಪ್ಪಾ, ಮೆತ್ತಗೆ ನಡಿ’ ಎಂದು ಹೇಳುವ ಹೆಂಗಸನ್ನು ನೀವು ಎಲ್ಲಿ ಕಂಡಿದ್ದೀರಿ?

ಆದರೆ ಆ ಬಿರುದು ಯುದ್ಧ ಗೆದ್ದು ಬಂದದ್ದಲ್ಲ. ಯುದ್ಧಕ್ಕೆ ಹೊರಡುವ ಮುಂಚೆ ತನ್ನ ಮೊದಲ ರೋಬೋಟನ್ನು ಆರಿಸಿಕೊಳ್ಳಲು ಅವರು ತೆಗೆದುಕೊಂಡ ಕಾಲದಿಂದ ಬಂದದ್ದು.

ದೊಡ್ಡಮ್ಮ ಯಾವುದನ್ನೂ ಸುಮ್ಮನೆ ಆರಿಸಿದವರಲ್ಲ. ಲೋಕದ ಸಾಮಾನುಗಳಲ್ಲಿ ಕೆಲವಕ್ಕೆ ಜೀವವಿದೆ, ಕೆಲವಕ್ಕಿಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ತೆಂಗಿನಕಾಯಿಯನ್ನು ಎಲ್ಲರೂ ತಟ್ಟಿ ನೋಡುತ್ತಾರೆ. ಇವರು ತಟ್ಟಿ, ಉತ್ತರ ಬರುವವರೆಗೆ ಕಾಯುತ್ತಿದ್ದರು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಸೀರೆ ನೋಡಿ ಇಷ್ಟವಾದರೆ ಕೊಳ್ಳದೆ ಬಾಗಿಲವರೆಗೆ ಹೋಗಿ ಸರಕ್ಕನೆ ತಿರುಗುವರು. ಸೀರೆ ತಮ್ಮನ್ನೇ ನೋಡುತ್ತಿದ್ದರೆ ಮಾತ್ರ ವಾಪಸು! ಶಿವಾಜಿನಗರದಲ್ಲಿ ಪ್ರೆಷರ್ ಕುಕ್ಕರ್ ಕೊಳ್ಳಲು ಹೋದಾಗ ಅಂಗಡಿಯವನಿಗೆ, ‘ನೀವು ಸ್ವಲ್ಪ ಆಚೆ ನಿಂತ್ಕೊಳ್ರಿ, ನಾವಿಬ್ಬರೂ ಮಾತಾಡ್ಬೇಕು’ ಎಂದರು. ಇಬ್ಬರೂ ಎಂದರೆ ಅವರು ಮತ್ತು ಕುಕ್ಕರ್. ಪಾಪ, ಅಂಗಡಿಯವನು ಆಚೆ ನಿಂತ. ಹಿಂದಿರುಗಿ ಬಂದವನ ಮುಖ ಬಿಳಿಚಿತ್ತು. ಒಳಗಿನಿಂದ ಎರಡು ದನಿ ಕೇಳಿಸಿತು ಎಂದು ಅವನು ನನ್ನ ಬಳಿ ಪಿಸುಗುಟ್ಟಿದ. ನಾನು ನಕ್ಕೆ. ಆದರೆ ಆ ಕುಕ್ಕರಿನಲ್ಲಿ ಬೆಂದ ಬೇಳೆಯನ್ನು ಕೆಲವು ದಿನ ಅನುಮಾನದಿಂದಲೇ ಉಂಡೆ.

ಆಗ ನಾನು ಬಿ.ಎಡ್. ಓದುತ್ತ ಹಲಸೂರಿನ ಅವರ ಮನೆಯಲ್ಲಿದ್ದೆ. ದೊಡ್ಡಮ್ಮ ನಮ್ಮಮ್ಮನ ಅಕ್ಕ. ಮನೆಯಲ್ಲಿ ಅವರು ಮತ್ತು ದೊಡ್ಡಪ್ಪ ಇಬ್ಬರೇ, ಮಕ್ಕಳಿರಲಿಲ್ಲ. ಅವರಿಬ್ಬರೂ ಒಬ್ಬರೊಡನೊಬ್ಬರು ಮಾತಾಡುತ್ತಿರಲಿಲ್ಲ. ಜಗಳವಾಡುತ್ತಿದ್ದರು ಎಂದುಕೊಳ್ಳಬೇಡಿ, ಜಗಳಕ್ಕೂ ಮಾತು ಬೇಕಲ್ಲ! ಕೆ.ಆರ್. ಪುರದ ಆಚೆ ದೊಡ್ಡಮ್ಮನ ತವರಿನಿಂದ ಬಂದ ಹೊಲವೊಂದಿತ್ತು. ಅದರ ಮೂಲೆಯ ಹುಣಸೆಮರದ ಕೆಳಗೆ ಅವರ ತಾಯಿಯ ಸಮಾಧಿ. ದೊಡ್ಡಪ್ಪ ಯಾವ ಕಾಗದ ಎಂದು ಬಿಡಿಸಿ ಹೇಳದೆ ಸಹಿ ಹಾಕಿಸಿಕೊಂಡು ಅಷ್ಟನ್ನೂ ಲೇಔಟಿನವರಿಗೆ ಮಾರಿಬಿಟ್ಟಿದ್ದರು. ದೊಡ್ಡಮ್ಮನಿಗೆ ಗೊತ್ತಾಗುವ ಹೊತ್ತಿಗೆ ಮರವೂ ಇಲ್ಲ, ಸಮಾಧಿಯೂ ಇಲ್ಲ. ಅವತ್ತು ಬಾಯಿಗೆ ಹಾಕಿದ ಬೀಗವನ್ನು ಅವರು ವರ್ಷಗಳಾದರೂ ತೆಗೆದಿರಲಿಲ್ಲ.

ಹಾಗಾಗಿ ಆ ಮನೆಯಲ್ಲಿ ಮಾತು ಸಾಗಿಸುವ ಕೆಲಸ ನನ್ನದು. ‘ಸಾರು ಆರ್ತಾ ಐತೆ ಅಂತ ಹೇಳು’ ಎಂದು ದೊಡ್ಡಮ್ಮ; ‘ಬಂದೆ ಅಂತ ಹೇಳು’ ಎಂದು ದೊಡ್ಡಪ್ಪ. ಇಬ್ಬರೂ ಒಂದೇ ಅಡುಗೆಮನೆಯಲ್ಲಿ, ಕೈಗೆಟಕುವ ದೂರದಲ್ಲಿ! ನಾನಿಲ್ಲದಾಗ ಆ ಕೆಲಸವನ್ನು ಫ್ರಿಜ್ಜು ಮಾಡುತ್ತಿತ್ತು. ‘ಫ್ರಿಜ್ಜೇ, ನಾನು ಬ್ಯಾಂಕಿಗೆ ಹೊರಟೆ’ ಎಂದು ದೊಡ್ಡಪ್ಪ ಗಂಭೀರವಾಗಿ ಹೇಳಿ ಚಪ್ಪಲಿ ಮೆಟ್ಟುವುದನ್ನು ನಾನೇ ಕಂಡಿದ್ದೇನೆ. ಫ್ರಿಜ್ಜು ಗುರ್ ಎನ್ನುತ್ತಿತ್ತು.

ಒಂದು ಮಧ್ಯಾಹ್ನ ನನ್ನ ಪರೀಕ್ಷೆಯ ಫಲಿತಾಂಶ ನೋಡಲು ಕೆಫೆಗೆ ಹೋದಾಗ ದೊಡ್ಡಮ್ಮ ಜೊತೆಗೆ ಬಂದರು. ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ್ದ, ಹಗಲಲ್ಲೂ ಬೆಳಕು ಕಾಣದ ಉದ್ದನೆಯ ಕೋಣೆ ಅದು. ಹುಡುಗರ ಮುಖಗಳು ಮಾತ್ರ ನೀಲಿಯಾಗಿ ತೇಲುತ್ತಿದ್ದವು. ನಾನು ಪಾಸಾದೆನೋ ಇಲ್ಲವೋ ಎಂದು ದೊಡ್ಡಮ್ಮ ಕೇಳಲೇ ಇಲ್ಲ. ಪಕ್ಕದ ಕಂಪ್ಯೂಟರಿನ ಮುಂದೆ ನಿಂತುಬಿಟ್ಟಿದ್ದರು. ತೆರೆಯ ಮೇಲೆ ದೊಡ್ಡದೊಂದು ಶೆಡ್ಡು, ಅದರೊಳಗೆ ಸಾಲಾಗಿ ಯುದ್ಧರೋಬೋಟುಗಳು. ಪ್ರತಿಯೊಂದೂ ಒಂದು ತಟ್ಟೆಯ ಮೇಲೆ ನಿಂತು ನಿಧಾನವಾಗಿ ಸುತ್ತುತ್ತಿತ್ತು. ಒಂದನ್ನು ಆರಿಸಿಕೊಂಡು ಒಳಗೆ ಹೋದರೆ ಯಾವ್ಯಾವುದೋ ಊರಿನಲ್ಲಿ ಕೂತವರ ಜೊತೆ ಹೊಡೆದಾಡಬಹುದು.

‘ನಂಗೂ ಒಂದು ಬೇಕು’ ಎಂದರು ದೊಡ್ಡಮ್ಮ.

ಅಲ್ಲಿಂದ ಶುರುವಾಯಿತು ನೋಡಿ ಆರಿಸುವ ಸಂಭ್ರಮ! ಬಿಸಿಲು ಇಳಿಯುವ ಮುಂಚೆ ದಿನಾ ಹೋಗುವುದು, ಶೆಡ್ಡು ತೆರೆಸುವುದು, ಸುತ್ತುವ ರೋಬೋಟುಗಳನ್ನು ನೋಡುತ್ತ ಕೂರುವುದು, ಏನೂ ಆರಿಸದೆ ಎದ್ದು ಬರುವುದು. ಸೈನ್ಯದ ತಪಾಸಣೆಗೆ ಬಂದವರಂತೆ ಕೂರುವ ಅವರನ್ನು ಹುಡುಗರು ‘ಕಮಾಂಡರ್ ಆಂಟಿ’ ಎಂದು ಕರೆಯತೊಡಗಿದರು. ಹೆಣ್ಣು ನೋಡಲು ಹೋದ ಗಂಡಿನ ಕಡೆಯವರೂ ಇಷ್ಟು ಉಪ್ಪಿಟ್ಟು ತಿಂದಿರಲಾರರು. ಶಿವಾಜಿನಗರದ ಕಡೆಯವರಾದ ಕೆಫೆಯ ಭಾಯ್ ಒಳ್ಳೆಯ ಮನುಷ್ಯ. ತಾಳ್ಮೆಗೆಡದೆ ಹೇಳಿಕೊಟ್ಟರು: ‘ಆಂಟಿ, ಈ ಕೆಂಪುದು ತಗೊಳ್ಳಿ, ಏಕ್ದಮ್ ಫಾಸ್ಟ್. ಇಲ್ಲಾಂದ್ರೆ ಈ ಡಬಲ್ ಗನ್‌ದು.’

‘ಅವೆಲ್ಲಾ ಬೊಂಬೆ ಕಣಪ್ಪ’ ಎಂದು ದೊಡ್ಡಮ್ಮ ಸಾಲಿನ ಕೊನೆಗೆ ಬೆರಳು ತೋರಿಸಿದರು. ಬೂದುಬಣ್ಣದ, ಬೆನ್ನು ಬಾಗಿದ, ಮುಖವೇ ಇಲ್ಲದ ಒಂದು ರೋಬೋಟು. ‘ಇದು ಮಾತ್ರ ಕಾಯ್ತಾ ಐತೆ.’

‘ಅದು ಬ್ಯಾಡ ಆಂಟಿ! ತುಂಬಾ ಸ್ಲೋ. ಯಾರೂ ತಗೊಳಲ್ಲ.’

‘ಇದ್ರೊಳಗೆ ಮೊದ್ಲು ಯಾರಿದ್ರು?’

ಭಾಯ್ ನನ್ನ ಮುಖ ನೋಡಿದರು. ನಾನು ತೆರೆ ನೋಡಿದೆ. ಉಳಿದ ರೋಬೋಟುಗಳು ತಟ್ಟೆಯ ಜೊತೆ ಪೂರ್ತಿ ಸುತ್ತುತ್ತಿದ್ದವು. ಬೂದುಬಣ್ಣದ್ದರ ದೇಹ ಮಾತ್ರ ಸುತ್ತುತ್ತಿತ್ತು. ತಲೆ ನಮ್ಮ ಕಡೆಗೇ ಇತ್ತು. ಬೆನ್ನು ತಿರುಗಿದಾಗಲೂ ತಲೆ ನಮ್ಮ ಕಡೆಗೆ! ‘ಪ್ರೋಗ್ರಾಮಲ್ಲಿ ಬಗ್ ಇರ್ಬೇಕು’ ಎಂದರು ಭಾಯ್. ಅವತ್ತಿನಿಂದ ಅವರು ಕೆಫೆಯ ಆ ಮೂಲೆಗೆ ಲೋಬಾನದ ಹೊಗೆಯನ್ನು ಸ್ವಲ್ಪ ಧಾರಾಳವಾಗಿಯೇ ಹಾಕುತ್ತಿದ್ದರು.

ಬೂದು ರೋಬೋಟು ದೊಡ್ಡಮ್ಮನದಾಯಿತು; ನಾನು ಅದನ್ನು ‘ಬೂದಿ’ ಎಂದೇ ಕರೆಯುತ್ತಿದ್ದೆ. ಯುದ್ಧಭೂಮಿ ಎಂದರೆ ಮಂಜು ಕವಿದ ಒಂದು ಪಾಳುಪಟ್ಟಣ. ಬಾಗಿಲಿಲ್ಲದ ಮನೆಗಳು, ಮುರಿದ ಸೇತುವೆ, ನೀರಿಲ್ಲದ ಕೆರೆ. ಹುಡುಗರು ಅಲ್ಲಿ ಗುಂಡು ಹಾರಿಸುತ್ತ ಓಡುತ್ತಿದ್ದರೆ ದೊಡ್ಡಮ್ಮ ಮನೆಮನೆಗೆ ಹೋಗಿ ಇಣುಕುತ್ತಿದ್ದರು. ‘ಇಲ್ಲೂ ಯಾರೂ ಇಲ್ವಲ್ಲೇ. ಎಲ್ಲಿಗೋದ್ರು ಈ ಊರೋರು?’ ಎಂದು ನನ್ನನ್ನೇ ಕೇಳುವರು. ಅಷ್ಟರಲ್ಲಿ ಯಾರೋ ಹಿಂದಿನಿಂದ ಹೊಡೆದು ಬೂದಿಯನ್ನು ನಿಜಕ್ಕೂ ಬೂದಿ ಮಾಡುತ್ತಿದ್ದರು. ಹೀಗೆ ಪ್ರತಿದಿನ ಸಾಯುವುದು, ಪ್ರತಿದಿನ ಹುಟ್ಟುವುದು. ಮನೆಗೆ ಬಂದು ರಾಗಿಮುದ್ದೆ ತಿರುವುತ್ತ, ‘ಇವತ್ತೂ ಸತ್ತೆ’ ಎಂದು ನಿಟ್ಟುಸಿರು ಬಿಡುವುದು. ಒಂದು ದಿನ ಇದನ್ನು ಕೇಳಿಸಿಕೊಂಡ ದೊಡ್ಡಪ್ಪ, ‘ಫ್ರಿಜ್ಜೇ, ಯಾವ ಆಟ ಅಂತೆ ಅದು?’ ಎಂದು ವಿಚಾರಿಸಿದರು. ಫ್ರಿಜ್ಜಿಗೆ ತಿಳಿಯದ್ದರಿಂದ ನಾನು ಹೇಳಿದೆ.

ಆಮೇಲೆ ಇನ್ನೊಂದು ರೋಬೋಟು ಬಂತು.

ದೊಡ್ಡಮ್ಮ ಒಣಕೆರೆಯ ದಡದಲ್ಲಿ ನಡೆಯುತ್ತಿದ್ದರು. ಮಂಜಿನೊಳಗಿಂದ ಒಂದು ನೆರಳು ಎದ್ದಿತು. ಅದೂ ಬೂದುಬಣ್ಣದ್ದು, ಅದಕ್ಕೂ ಬೆನ್ನು ಬಾಗಿತ್ತು. ಎಲ್ಲರ ರೋಬೋಟುಗಳ ತಲೆಯ ಮೇಲೆ ಆಡುವವರ ಹೆಸರಿದ್ದರೆ ಇದರ ಮೇಲೆ ಬರೀ ಒಂದು ಚುಕ್ಕೆ. ಅದು ಗುಂಡು ಹಾರಿಸಲಿಲ್ಲ. ಮೆಲ್ಲಗೆ ಬಂದು ದೊಡ್ಡಮ್ಮನ ರೋಬೋಟಿನ ಎಡಕ್ಕೆ, ಅರ್ಧ ಹೆಜ್ಜೆ ಹಿಂದೆ, ನಿಂತುಕೊಂಡಿತು. ಇವರು ನಡೆದರೆ ಅದೂ ನಡೆಯಿತು. ನಿಂತರೆ ನಿಂತಿತು. ಶತ್ರು ಎದುರಾದರೆ ನಡುವೆ ಬಂದು ಹೊಡೆತ ತಾನು ತಿಂದಿತು. ಮರುದಿನವೂ ಬಂತು. ಅದರ ಮರುದಿನವೂ.

ನಾನು ಕೀಬೋರ್ಡು ಎಳೆದುಕೊಂಡು, ಯಾರು ನೀವು ಎಂದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದೆ. ಉತ್ತರವಿಲ್ಲ. ಆದರೆ ಓದಿ ಅರ್ಥವಾದಂತೆ ಅದು ಮೊಣಕಾಲು ಮಡಿಸಿ ನಿಧಾನವಾಗಿ ನೆಲಕ್ಕೆ ಕೂತಿತು. ಯಾವ ಊರಿನ ಯಾರೋ ಪರದೇಶಿಗೆ ಕನ್ನಡ ಹೇಗೆ ತಿಳಿಯಬೇಕು? ಇನ್ನೊಂದು ದಿನ ಆಟದ ನಡುವೆ ಕರೆಂಟು ಹೋಯಿತು. ಬಹಳ ಹೊತ್ತಿನ ಮೇಲೆ ಬಂತು. ಮತ್ತೆ ಒಳಗೆ ಹೋಗಿ ನೋಡುತ್ತೇವೆ, ಊರೆಲ್ಲ ಖಾಲಿ. ನಾವು ಬಿಟ್ಟುಹೋದ ಜಾಗದಲ್ಲಿ ಅದೊಂದೇ ಮಂಜಿನಲ್ಲಿ ಕಾದು ನಿಂತಿದೆ!

ಹುಡುಗರು ಆ ಮೂಲೆಯ ಕುರ್ಚಿಗಳಲ್ಲಿ ಕೂರುವುದನ್ನೇ ಬಿಟ್ಟರು. ಭಾಯ್ ಹತ್ತಿರ ಬಂದು ತಗ್ಗಿದ ದನಿಯಲ್ಲಿ, ‘ಆಂಟಿ, ಯೇ ಆದ್ಮಿ ನೈ ಹೈ. ಮನುಷ್ಯ ಅಲ್ಲ ಇದು. ಆಟ ಬಿಟ್ಬಿಡಿ’ ಎಂದರು.

ದೊಡ್ಡಮ್ಮ ತೆರೆಯಿಂದ ಕಣ್ಣು ತೆಗೆಯಲಿಲ್ಲ. ‘ದೆವ್ವ ಆದ್ರೆ ಏನೀಗ? ಮರ್ಯಾದೆಯಾಗಿ ಜೊತೇಲಿ ನಡೀತೈತೆ. ಕೇಳ್ದೆ ಏನೂ ಮಾಡಲ್ಲ. ಬದುಕಿರೋರಿಗಿಂತ ವಾಸಿ.’

ಕಡೆಯ ದಿನ ಅದು ಬಂದ ರೀತಿಯೇ ಬೇರೆಯಿತ್ತು. ತಡವಾಗಿ ಬಂತು. ಎರಡು ಹೆಜ್ಜೆ ನಡೆದು ನಿಲ್ಲುವುದು, ಗೋಡೆಗೆ ಡಿಕ್ಕಿ ಹೊಡೆಯುವುದು. ಕೊನೆಗೆ ಬಯಲಿನ ನಟ್ಟನಡುವೆ ನಿಂತುಬಿಟ್ಟಿತು. ಎದುರಿನಿಂದ ಶತ್ರುಗಳು ಬಂದರು. ಅದು ಅಲುಗಲಿಲ್ಲ. ಗುಂಡು ಬಿದ್ದು ಒಂದು ತೋಳು ಕಳಚಿತು, ಆಗಲೂ ಅಲುಗಲಿಲ್ಲ. ಅಲ್ಲಿಯವರೆಗೆ ಮೆತ್ತಗೆ ನಡೆಸುವುದನ್ನಷ್ಟೇ ಬಲ್ಲ ದೊಡ್ಡಮ್ಮ ತಮ್ಮ ರೋಬೋಟನ್ನು ಓಡಿಸಿಕೊಂಡು ಹೋಗಿ ಅದರ ಮುಂದೆ ಅಡ್ಡ ನಿಲ್ಲಿಸಿದರು.

‘ರೀ!’ ಎಂದು ಕೂಗಿದರು. ‘ರೀ, ಏನಾಯ್ತ್ರೀ? ಈ ಕಡೆ ಬನ್ರೀ!’

ಕೆಫೆಯಲ್ಲಿ ಎಲ್ಲರೂ ತಿರುಗಿದರು. ನಾನು ಆ ಮನೆಯಲ್ಲಿದ್ದಷ್ಟು ಕಾಲವೂ ಕೇಳಿರದ ದನಿ ಅದು. ಆ ‘ರೀ’ ಯಾರಿಗೆ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ತೆರೆಯ ಮೇಲೆ ಎರಡೂ ರೋಬೋಟುಗಳು ಉರಿಯುತ್ತಿದ್ದವು. ದೊಡ್ಡಮ್ಮ ಆಗಲೇ ಬೀದಿಯಲ್ಲಿದ್ದರು, ಆಟೋಗೆ ಕೈ ಅಡ್ಡ ಹಿಡಿದು. ‘ಇಂದಿರಾನಗರ, ನೂರಡಿ ರಸ್ತೆ. ಬೇಗ ನಡಿಯಪ್ಪಾ!’

‘ದೊಡ್ಡಪ್ಪ ಅಲ್ಲಿದಾರೆ ಅಂತ ನಿಮಗೆ ಹೇಗೆ ಗೊತ್ತು?’ ಎಂದೆ.

‘ವಾಕಿಂಗ್ ಅಂತ ಫ್ರಿಜ್ಜಿಗೆ ಹೇಳಿ ದಿನಾ ಹೊರಡೋರು. ಮಟಮಟ ಮಧ್ಯಾಹ್ನ ಛತ್ರಿ ಹಿಡ್ಕೊಂಡು ಯಾವನೇ ವಾಕಿಂಗ್ ಹೋಗ್ತಾನೆ? ಒಂದಿನ ಹಿಂದೇನೇ ಹೋದೆ. ಬೇಕರಿ ಮೇಲಿನ ಕೆಫೆಗೆ ಹತ್ತಿದ್ರು.’ ಅವರು ಸೆರಗಿನ ತುದಿಯನ್ನು ಹಿಂಡುತ್ತಿದ್ದರು. ‘ಅದೂ ಬೇಕಾಗಿರ್ಲಿಲ್ಲ ಬಿಡು. ನಂಗೆ ಎಡಗಿವಿ ಕೇಳ್ಸಲ್ಲ ಅಲ್ವಾ? ಮದ್ವೆ ಆದಾಗಿಂದ ರೋಡಲ್ಲಿ ಯಾವತ್ತೂ ನನ್ನ ಎಡಕ್ಕೇ ನಡೀತಾರೆ. ಗಾಡಿ ಬಂದ್ರೆ ಎಳ್ಕೊಳಕ್ಕೆ. ಆ ರೋಬೋಟು ಬಂದು ನಿಂತಿದ್ ದಿನಾನೇ ನಂಗೆ ತಿಳೀತು.’

‘ಮತ್ತೆ ಮಾತಾಡಿಸ್ಬೇಕಿತ್ತು ತಾನೆ?’

ಅವರು ಮುಂದಕ್ಕೆ ಬಾಗಿ ಆಟೋದವನ ಭುಜ ತಟ್ಟಿದರು: ‘ಇನ್ನೂ ಜೋರಾಗಿ ನಡಿಯಪ್ಪಾ!’

ಬೇಕರಿಯ ಮೇಲಿನ ಆ ಕತ್ತಲೆ ಕೋಣೆಯಲ್ಲಿ ಹುಡುಗರೆಲ್ಲ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತಂತಮ್ಮ ಯುದ್ಧಗಳಲ್ಲಿದ್ದರು. ಗೋಡೆಯ ಪಕ್ಕದ ಕುರ್ಚಿಯಲ್ಲಿ ದೊಡ್ಡಪ್ಪ ತಲೆ ವಾಲಿಸಿ ಕೂತಿದ್ದರು. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಕೈ ಇನ್ನೂ ಮೌಸಿನ ಮೇಲೆ. ಯಾರೊಬ್ಬರೂ ಗಮನಿಸಿರಲಿಲ್ಲ. ನಾನು ಬಾಗಿಲಲ್ಲೇ ನಿಂತೆ. ದೊಡ್ಡಮ್ಮ ನಿಲ್ಲಲಿಲ್ಲ, ಹೋಗಿ ಎರಡೂ ಕೈಯಲ್ಲಿ ಆ ಮುಖವನ್ನು ಹಿಡಿದೆತ್ತಿದರು.

‘ಇವರಿಗೆ ಶುಗರ್ ಕಾಯ್ಲೆ ಅಲ್ವಾ? ಪೂರ್ತಿ ಇಳಿದೈತೆ. ಕೆಳಗಿಂದ ಸಕ್ಕರೆ ನೀರು ತಾ, ಓಡು!’

ಓಡಿದೆ. ಗುಟುಕು ಗುಟುಕಾಗಿ ಕುಡಿಸಿದರು. ಬಹಳ ಹೊತ್ತಾದ ಮೇಲೆ, ಅಥವಾ ನನಗೆ ಹಾಗನ್ನಿಸಿತೋ ಏನೋ, ದೊಡ್ಡಪ್ಪ ಕಣ್ಣು ತೆರೆದರು. ಎದುರಿಗೆ ಹೆಂಡತಿಯ ಮುಖ ಕಂಡು ಗಾಬರಿಯಾದರು. ತುಟಿ ಅಲುಗಿತು.

‘ನಿನ್ ರೋಬೋಟು... ಉಳೀತಾ?’

‘ಮಾತಾಡ್ಬೇಡಿ’ ಎಂದರು ದೊಡ್ಡಮ್ಮ.

ಅಷ್ಟು ವರ್ಷಗಳ ಮೇಲೆ ಗಂಡನಿಗೆ ಎದುರೆದುರೇ ಹೇಳಿದ ಮೊದಲ ಮಾತು! ಡಾಕ್ಟರಿಗೆ ತೋರಿಸಿ, ಗಾಬರಿ ಪಡಬೇಕಿಲ್ಲ ಎನ್ನಿಸಿಕೊಂಡು, ಮೂವರೂ ಆಟೋದಲ್ಲಿ ಮನೆಗೆ ಹೊರಟೆವು. ಗಂಡನಿಗೆ ಮಾತಾಡಬೇಡಿ ಎಂದ ದೊಡ್ಡಮ್ಮ ತಾವು ಮಾತ್ರ ಬಾಯಿ ಮುಚ್ಚಲಿಲ್ಲ. ನಲ್ಲಿ ಸೋರುವುದು, ತಾರಸಿ ಬಿರುಕು ಬಿಟ್ಟಿರುವುದು, ಯಾರದೋ ಮಗಳಿಗೆ ಗಂಡು ಸಿಕ್ಕಿದ್ದು, ಯಾರೋ ತೀರಿಕೊಂಡದ್ದು, ಕೂಡಿಟ್ಟ ಮಾತೆಲ್ಲ ಬುಳಬುಳನೆ ಬಂತು. ದೊಡ್ಡಪ್ಪ ‘ಹ್ಞೂಂ’ ಎನ್ನುತ್ತಿದ್ದರು. ಹಲಸೂರು ಕೆರೆಯ ತಿರುವು ಬಂದಾಗ ದೊಡ್ಡಮ್ಮ ಎದುರು ನೋಡುತ್ತಲೇ ಹೇಳಿದರು: ‘ಅಮ್ಮನ್ನ ಮಣ್ಣು ಮಾಡಿದ್ ಜಾಗದಲ್ಲಿ ಯಾರೋ ಕಾರ್ ಶೆಡ್ ಕಟ್ಕೊಂಡವ್ರೆ. ಹೋಗಿ ನೋಡ್ಕೊಂಡ್ ಬಂದೆ. ಒಬ್ಳೇ ಹೋಗಿದ್ದೆ.’

ಆಟೋ ಸಿಗ್ನಲಿನಲ್ಲಿ ನಿಂತಿತ್ತು. ದೊಡ್ಡಪ್ಪ ಅವರ ಎಡಕ್ಕೆ ಕೂತಿದ್ದರು. ಹೆಂಡತಿಯ ಕೇಳಿಸದ ಕಿವಿಯ ಕಡೆ ವಾಲಿ, ನನಗೂ ಕಷ್ಟಪಟ್ಟು ಕೇಳಿಸುವಷ್ಟು ಮೆತ್ತಗೆ ಅಂದರು: ‘ತಪ್ಪಾಯ್ತು ಕಣೆ.’

ದೊಡ್ಡಮ್ಮನಿಗೆ ಕೇಳಿಸಲಿಲ್ಲ ಎಂದೇ ನಾನು ಅಂದುಕೊಂಡೆ. ಅವರು ತಲೆ ತಿರುಗಿಸಲಿಲ್ಲ. ಸೆರಗಿನಿಂದ ದೊಡ್ಡಪ್ಪನ ಹಣೆಯ ಬೆವರು ಒರೆಸಿದರು.

‘ಮಾತಾಡ್ಬೇಡಿ ಅಂದ್ನಲ್ಲ’ ಎಂದರು.