ತಲೆಯ ಹೊರಗಿನ ಬೆಳಕು

ನನ್ನ ಭಾವನ ಕಣ್ಣಿಗೆ ಈ ಲೋಕದಲ್ಲಿ ಯಾವುದೂ ಇದ್ದ ಜಾಗದಲ್ಲಿ ಕಾಣುವುದಿಲ್ಲ. ಕನ್ನಡಕದ ತೊಂದರೆಯಲ್ಲ, ವೃತ್ತಿಯ ತೊಂದರೆ!

ಮೂಡುಬಿದಿರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಅವರ ಸಂಶೋಧನೆ ಮಿದುಳಿನ ಪೆಟ್ ಸ್ಕ್ಯಾನಿನ ಮೇಲೆ. ನಾನೋ, ಎಡಗಣ್ಣು ಅದುರಿದರೂ ಮಿದುಳಿಗೇ ಏನೋ ಆಯಿತೆಂದು ಅವರಲ್ಲಿಗೆ ಓಡುವವನು. ಹಾಗಾಗಿ ಈ ವಿದ್ಯೆ ನನಗೆ ಪುಕ್ಕಟೆ ಸಿಕ್ಕಿದೆ.

"ನೋಡು ಮಾರಾಯ, ಮದ್ದು ಚುಚ್ಚಿದ ಮೇಲೆ ತಲೆಯೊಳಗಿಂದ ಎರಡೆರಡು ಕಿರಣ ಹೊರಡ್ತವೆ, ಒಂದಕ್ಕೊಂದು ಬೆನ್ನು ಹಾಕಿ. ಯಂತ್ರ ಎರಡನ್ನೂ ಹಿಡಿದು ನಡುವೆ ಗೆರೆ ಎಳೀತದೆ. ಹುಟ್ಟಿದ ಜಾಗ ಆ ಗೆರೆಯಲ್ಲೇ ಉಂಟು ಅಂತ ಲೆಕ್ಕ. ದಾರಿಯಲ್ಲಿ ಒಂದು ಕಿರಣ ಎಲ್ಲಿಯಾದರೂ ತಾಗಿ ತಿರುಗಿದ್ರೆ?"

"ಗೆರೆ ತಪ್ತದೆ."

"ಬೆಳ್ತಂಗಡಿಯವನನ್ನು ಬಂಟ್ವಾಳದವ ಅಂದ ಹಾಗೆ. ಏನೂ ಇಲ್ಲದ ಕಡೆ ಮಂಜು ಕಾಣ್ತದೆ."

"ಮಂಜು ಎಷ್ಟು ಅಂತ ಹೇಗೆ ಗೊತ್ತಾಗುವುದು?"

"ತಲೆಯ ಹೊರಗೆ ನೋಡ್ಬೇಕು. ಅಲ್ಲಿ ಮಿದುಳು ಇಲ್ಲವಲ್ಲ? ಆದರೂ ಬೆಳಕು ಕಂಡರೆ ಅಷ್ಟೂ ಸುಳ್ಳು. ಅದರಿಂದ ಒಳಗಿನ ಸುಳ್ಳನ್ನು ಅಂದಾಜು ಮಾಡಿ ಕಳೀಬೇಕು." ನನ್ನನ್ನೊಮ್ಮೆ ನೋಡಿ ಸೇರಿಸಿದರು: "ಕೆಲವರಿಗೆ ಒಳಗೂ ಇಲ್ಲದಿದ್ರೆ ಕಷ್ಟ."

ಇದನ್ನು ಕಾಲೇಜಿನಲ್ಲೇ ಬಿಟ್ಟು ಬರಬಾರದೇ? ನನ್ನ ಮಗಳಿಗೆ ಮಾಣಿ ಊರಿನ ಕಡೆಯ ಸಂಬಂಧವೊಂದು ಬಂದಾಗ ದಲ್ಲಾಳಿ ಹುಡುಗನನ್ನು ಬಾಯ್ತುಂಬ ಹೊಗಳಿದ. "ಅವನ ತಮ್ಮ ಹೇಗೆ?" ಎಂದರು ಭಾವ. "ಅವನಾ? ಚಿನ್ನದಂಥ ಹುಡುಗ." ಹುಡುಗನಿಗೆ ತಮ್ಮನೇ ಇರಲಿಲ್ಲ! ಅಷ್ಟು ಚಿನ್ನವನ್ನು ಭಾವ ಅಣ್ಣನ ಹೊಗಳಿಕೆಯಿಂದ ಕಳೆದುಬಿಟ್ಟರು.

ಕಳೆದ ವರ್ಷ ಅಕ್ಕನ, ಅಂದರೆ ಅವರ ಹೆಂಡತಿಯ, ಮರೆವಿನ ಸುದ್ದಿಗಳು ಬರತೊಡಗಿದವು. ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದಳು ಎಂದು ಬಂಟ್ವಾಳದ ಚಿಕ್ಕಮ್ಮ ಊರಿಡೀ ಹೇಳಿದರು. ನಾನು ಚಿಂತೆಯಲ್ಲಿ ಸೊರಗಿದೆ. ಭಾವ ಚಿಕ್ಕಮ್ಮನಿಗೆ ಫೋನ್ ಮಾಡಿದರು.

"ಲಾಯಿಲದ ಗೃಹಪ್ರವೇಶದಲ್ಲಿ ಇವಳು ಎಂತಾದರೂ ಮರೆತಳಾ?"

"ಕೊಡೆಯನ್ನೇ ಬಿಟ್ಟು ಹೋದಳಲ್ಲ ಪಾಪ."

ಆ ದಿನ ಅಕ್ಕ ಮನೆಯಿಂದ ಹೊರಟೇ ಇರಲಿಲ್ಲ. ಫೋನಿಟ್ಟು ಭಾವ ನಕ್ಕರು. "ಕಂಡಿತಾ? ತಲೆಯ ಹೊರಗಿನ ಬೆಳಕು." ಕೊಡೆ ಹೋಯಿತು, ಉಪ್ಪೂ ಹೋಯಿತು. ನನಗೆ ಜೀವ ಬಂತು.

"ಹಾಗಾದರೆ ಡಾಕ್ಟ್ರು ಬೇಡ ಅಲ್ವಾ ಭಾವ?"

ಅವರ ನಗು ನಿಂತಿತು. "ಒಂದು ಉಳೀತದೆ. ನಾನೇ ಕಂಡದ್ದು. ಮೊನ್ನೆ ನಮ್ಮ ಮೆಟ್ಟಿಲಲ್ಲಿ ನಿಂತು, ಇದು ಯಾರ ಮನೆ ಅಂತ ಕೇಳಿದಳು."

ಮಂಗಳೂರಿನಲ್ಲಿ ಸ್ಕ್ಯಾನ್ ಆಯಿತು. ಡಾಕ್ಟರು ಮೊದಲು ಮಂಜು ತೆಗೆಯದ ಚಿತ್ರ ತೋರಿಸಿದರು. ಅದರಲ್ಲಿ ಎಲ್ಲವೂ ಒಂದಿಷ್ಟು ಬೆಳಗಿಯೇ ಇತ್ತು. ಮಂಜು ತೆಗೆದ ಚಿತ್ರದಲ್ಲಿ ಮಿದುಳಿನ ಹಿಂಬದಿ ಎರಡೂ ಮಗ್ಗುಲು ಕತ್ತಲು; ಅಲ್ಲಿ ಕೆಲಸ ಕುಂದಿದೆ ಎಂದರು.

"ಕಿರಣ ಎಲ್ಲಿಯೋ ತಿರುಗಿ ಹೀಗೆ ಕಾಣುವುದಲ್ಲವಾ ಭಾವ?" ಎಂದು ಅಂಗಲಾಚಿದೆ.

"ಅಲ್ಲ ಮಾರಾಯ. ಈಗಲೇ ಸರಿ ಕಾಣುವುದು."

ಹೊರಗೆ ಬೆಂಚಿನಲ್ಲಿ ಕುಳಿತಿದ್ದ ಅಕ್ಕ ಭಾವನನ್ನು ನೋಡಿ, "ನೀವು ಎಲ್ಲಿಯವರು?" ಎಂದಳು.

ಜೀವಮಾನವಿಡೀ ಎಲ್ಲರ ಮಾತನ್ನೂ ತಿದ್ದಿದ ಭಾವ ಕೈಕಟ್ಟಿ ನಿಂತರು. "ಮೂಡುಬಿದಿರೆ. ನಿಮಗೆ ತೊಂದರೆ ಇಲ್ಲದಿದ್ರೆ ಇಲ್ಲಿ ಕೂತುಕೊಳ್ಳಬಹುದಾ?"

ಅಕ್ಕ ಸೆರಗು ಎಳೆದುಕೊಂಡು ತುಸು ಸರಿದಳು.

"ಕೂತ್ಕೊಳ್ಳಿ," ಎಂದಳು. "ಜಾಗ ಉಂಟು."